ಆಟದೊಳಗೊಬ್ಬ ಕಳ್ಳ, ನಗುವ ಪತ್ತೇದಾರ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ಕಾದಂಬರಿ ಕಂಡರೆ ನಮ್ಮ ಕೊಳ್ಳೇಗಾಲದ ಕಡೆ ಮೊದಲು ಬರುವ ಪ್ರಶ್ನೆ ಒಂದೇ: ‘ಇದೂ ಸಿಲಬಸ್‌ನಲ್ಲಿ ಇದೆಯಾ?’ ಅದು ಪತ್ತೇದಾರಿ ಕಾದಂಬರಿಯಾದರೆ ಮನೆಯವರ ಹುಬ್ಬು ಇನ್ನೂ ಮೇಲೇರುತ್ತದೆ. ಅದರೊಳಗೆ ಕ್ರಿಕೆಟ್ಟೋ ಕುದುರೆ ರೇಸೋ ಇದ್ದು, ಓದುವವನು ನಡುನಡುವೆ ಕಿಸಕ್ಕನೆ ನಗುತ್ತಲೂ ಇದ್ದರೆ ಮುಗಿದೇಹೋಯಿತು. ಕಾಲಹರಣದ ಮೂರು ದಾರಿಗಳೂ ಒಂದೇ ಪುಸ್ತಕದಲ್ಲಿ ಸೇರಿದಂತೆ!

ಆದರೆ ಕ್ರೀಡಾಲೋಕದಲ್ಲಿ ನಡೆಯುವ ಈ ನಗೆಲೇಪಿತ ಪತ್ತೇದಾರಿ ಕಥೆಗಳು ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಬೇರೆ ಯಾರಿಗಿಂತಲೂ ಹತ್ತಿರದವು ಎಂಬುದು ನನ್ನ ವಾದ. ಏಕೆಂದರೆ ಅವು ಗೆದ್ದವನ ಕಥೆಗಳಲ್ಲ. ಆಟದಿಂದ ಹೊರಬಿದ್ದವನು ಮತ್ತೆ ಮೈದಾನದತ್ತ ತಿರುಗಿ, ‘ಇಲ್ಲಿ ಏನೋ ಸರಿಯಿಲ್ಲವಲ್ಲ’ ಎಂದು ಕೇಳುವ ಕಥೆಗಳು.

ನಾಪತ್ತೆಯಾದ ಆಟಗಾರ

ಈ ಬಗೆಯ ಕಥೆಗೆ ಹಳೆಯ ಉದಾಹರಣೆ ಬೇಕೆಂದರೆ ಷರ್ಲಾಕ್ ಹೋಮ್ಸ್ ಬಳಿಗೇ ಹೋಗಬೇಕು. ಅವನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಸ್ವತಃ ಕ್ರಿಕೆಟಿಗ. ಲಂಡನ್ನಿನ ಎಂಸಿಸಿ ಪರವಾಗಿ ಪ್ರಥಮ ದರ್ಜೆ ಪಂದ್ಯಗಳನ್ನು ಆಡಿದ್ದವರು. ಆ ಮಟ್ಟದಲ್ಲಿ ಅವರು ಪಡೆದದ್ದು ಒಂದೇ ಒಂದು ವಿಕೆಟ್. 1900ರಲ್ಲಿ ಸಿಕ್ಕ ಆ ವಿಕೆಟ್ ಮಾತ್ರ ಸಾಮಾನ್ಯರದ್ದಲ್ಲ, ಡಬ್ಲ್ಯೂ.ಜಿ. ಗ್ರೇಸ್ ಅವರದ್ದು!

ಇಷ್ಟೊಂದು ಆಟದ ಹುಚ್ಚಿದ್ದ ಡಾಯ್ಲ್ 1904ರಲ್ಲಿ ‘ದಿ ಮಿಸ್ಸಿಂಗ್ ಥ್ರೀ ಕ್ವಾರ್ಟರ್’ ಎಂಬ ಕಥೆ ಬರೆದರು. ನಾಳೆ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ನಡುವೆ ರಗ್ಬಿ ಪಂದ್ಯ. ಇವತ್ತು ಕೇಂಬ್ರಿಜ್ ತಂಡದ ಮುಖ್ಯ ಆಟಗಾರ ನಾಪತ್ತೆ. ಬೆಟ್ಟದಂಥ ದೇಹದ ನಾಯಕ ಓಡೋಡಿ ಹೋಮ್ಸ್ ಬಳಿ ಬರುತ್ತಾನೆ. ಆದರೆ ಜಗತ್ತಿನ ಸಕಲ ಕಳ್ಳರ ಜಾತಕ ಬಲ್ಲ ಹೋಮ್ಸ್‌ಗೆ ಆ ಸ್ಟಾರ್ ಆಟಗಾರನ ಹೆಸರೇ ಗೊತ್ತಿಲ್ಲ! ವಿರಾಟ್ ಕೊಹ್ಲಿ ಎಂದರೆ ಯಾರು ಎಂದು ಪೊಲೀಸ್ ಅಧಿಕಾರಿ ಕೇಳಿದರೆ ನಮಗೆ ಹೇಗಾಗುತ್ತದೋ ಆ ನಾಯಕನಿಗೂ ಹಾಗೇ ಆಗುತ್ತದೆ. ಮುಂದೆ ಹೋಮ್ಸ್ ಒಬ್ಬ ವೈದ್ಯರ ಗಾಡಿಯನ್ನು ಸೈಕಲ್ ಏರಿ ಹಿಂಬಾಲಿಸುತ್ತಾನೆ. ವೈದ್ಯರು ಗಾಡಿ ನಿಲ್ಲಿಸಿ, ನನ್ನ ಗಾಡಿ ನಿಮ್ಮ ದಾರಿಗೆ ಅಡ್ಡ ಬರುತ್ತಿದೆಯೇ ಎಂದು ನಯವಾಗಿ ಕೇಳುತ್ತಾರೆ. ಮಹಾ ಪತ್ತೇದಾರನ ಮುಖ ಹೇಗಾಗಿರಬೇಕು, ಊಹಿಸಿ. ಆಟಗಾರ ಕಾಣೆಯಾದದ್ದೇಕೆ ಎಂಬುದನ್ನು ನಾನು ಹೇಳುವುದಿಲ್ಲ. ಕೊನೆಯ ಪುಟದ ಹೊತ್ತಿಗೆ ಪಂದ್ಯದ ಫಲಿತಾಂಶ ಯಾರಿಗೂ ಮುಖ್ಯವಾಗಿ ಉಳಿದಿರುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಇದೇ ಎಳೆ ನಮ್ಮ ಮೈಸೂರಿನಲ್ಲೂ ಇದೆ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬಂತು. ಅದು ಪತ್ತೇದಾರಿ ಕಾದಂಬರಿಯಲ್ಲ, ನಿಜ. ಆದರೆ ಅದರ ಕೊನೆಯ ಭಾಗ ನೋಡಿ. ದೊಡ್ಡ ಪಂದ್ಯ ಹತ್ತಿರ ಬಂದಿದೆ. ಗೆಳೆಯರು ‘ಟೇಟ್’ ಎಂದು ಕರೆಯುವ ಬೌಲರ್ ಸ್ವಾಮಿ ಊರು ಬಿಟ್ಟು ಓಡಿ, ಕಾಡುದಾರಿಯಲ್ಲಿ ಕಳೆದುಹೋಗಿದ್ದಾನೆ. ಮನೆಯವರು ಕಂಗಾಲು, ನಾಯಕ ರಾಜಂ ಕೆಂಡಾಮಂಡಲ. ಸಿಕ್ಕ ಮೇಲೂ ಸ್ವಾಮಿಯ ತಲೆಯಲ್ಲಿ ಇರುವುದು ಮ್ಯಾಚ್ ಒಂದೇ! ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಮನೆಯಂಗಳದಿಂದಲೇ ನೋಡುವ ಯಳಂದೂರಿನವರಿಗೆ, ಸಂಜೆಯಾದರೆ ಆನೆ ಭಯದಲ್ಲಿ ಬೈಕ್ ಓಡಿಸುವ ಹನೂರಿನವರಿಗೆ ಆ ಪುಟಗಳ ದಿಗಿಲು ಬಿಡಿಸಿ ಹೇಳಬೇಕಿಲ್ಲ.

ಬಿದ್ದವರು ಬರೆದ ಕಥೆ

ಕ್ರೀಡಾ ಪತ್ತೇದಾರಿಯನ್ನೇ ಬದುಕಾಗಿಸಿಕೊಂಡವರಲ್ಲಿ ಬ್ರಿಟನ್ನಿನ ಡಿಕ್ ಫ್ರಾನ್ಸಿಸ್ ದೊಡ್ಡ ಹೆಸರು. ಅವರು 1953–54ರ ಸಾಲಿನ ಚಾಂಪಿಯನ್ ಜಾಕಿ. 1956ರ ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ ರಾಜಮಾತೆಯ ಕುದುರೆ ಡೆವನ್ ಲಾಕ್ ಏರಿದ್ದರು. ಎಲ್ಲ ಬೇಲಿಗಳನ್ನೂ ದಾಟಿ ಆಗಿತ್ತು. ಹಿಂದಿನ ಕುದುರೆ ಬಹಳ ದೂರದಲ್ಲಿತ್ತು. ಗೆಲುವಿನ ಗೆರೆ ಕೆಲವೇ ಗಜಗಳ ಅಂತರದಲ್ಲಿ ಇದ್ದಾಗ, ಎದುರಿಗೆ ಏನೂ ಇಲ್ಲದೆ, ಕುದುರೆ ಇದ್ದಕ್ಕಿದ್ದಂತೆ ಕಾಲು ಚಾಚಿ ಕುಸಿಯಿತು. ಏಕೆ? ಇಂದಿಗೂ ಖಚಿತ ಉತ್ತರವಿಲ್ಲ. ಮರುವರ್ಷ ಅವರು ಜಾಕಿ ವೃತ್ತಿ ಬಿಟ್ಟು ಪತ್ರಿಕೆಗೆ ರೇಸ್ ವರದಿ ಬರೆಯತೊಡಗಿದರು. 1962ರಲ್ಲಿ ಮೊದಲ ಪತ್ತೇದಾರಿ ಕಾದಂಬರಿ ‘ಡೆಡ್ ಸರ್ಟ್’ ಬಂತು. ಆಮೇಲೆ ನಿಲ್ಲಲಿಲ್ಲ. 2010ರಲ್ಲಿ ತೀರಿಕೊಳ್ಳುವ ಹೊತ್ತಿಗೆ 40ಕ್ಕೂ ಹೆಚ್ಚು ಪುಸ್ತಕಗಳಾಗಿದ್ದವು. 1965ರ ‘ಆಡ್ಸ್ ಅಗೇನ್ಸ್ಟ್’ನ ನಾಯಕ ಸಿಡ್ ಹ್ಯಾಲಿ ಕೂಡ ಕೈ ಊನವಾಗಿ ರೇಸಿನಿಂದ ಹೊರಬಿದ್ದ ಜಾಕಿಯೇ. ಅವನ ಹಾಸ್ಯ ಒಣ ಹಾಸ್ಯ. ನೋವನ್ನು ಹಲ್ಲು ಕಚ್ಚಿ ಹಿಡಿದವನ ತುಟಿಯಂಚಿನ ನಗು.

ಇನ್ನು ಅಮೆರಿಕದ ಹಾರ್ಲನ್ ಕೋಬೆನ್ ಹಾಗಲ್ಲ, ಜೋರಾಗಿಯೇ ನಗಿಸುತ್ತಾರೆ. ಅವರ ಮೈರನ್ ಬೊಲಿಟಾರ್ ಬ್ಯಾಸ್ಕೆಟ್‌ಬಾಲ್ ಪ್ರತಿಭೆ. ವೃತ್ತಿಪರ ತಂಡಕ್ಕೆ ಆಯ್ಕೆಯಾಗಿ, ಋತು ಶುರುವಾಗುವ ಮೊದಲೇ ಅಭ್ಯಾಸ ಪಂದ್ಯದಲ್ಲಿ ಮೊಣಕಾಲು ಮುರಿದುಕೊಳ್ಳುತ್ತಾನೆ. ಆಟ ಅಲ್ಲಿಗೆ ಮುಗಿಯಿತು. ಕಾನೂನು ಓದಿ ಆಟಗಾರರ ಏಜೆಂಟ್ ಆಗುತ್ತಾನೆ, ಜತೆಗೆ ಪತ್ತೇದಾರಿಕೆ. 1996ರ ‘ಫೇಡ್ ಅವೇ’ ಕಾದಂಬರಿಯಲ್ಲಿ ಮತ್ತದೇ ಎಳೆ: ಒಬ್ಬ ಸ್ಟಾರ್ ಆಟಗಾರ ನಾಪತ್ತೆ. ಅವನನ್ನು ಗುಟ್ಟಾಗಿ ಹುಡುಕಲೆಂದು ತಂಡದ ಮಾಲೀಕ ಮೈರನ್‌ನನ್ನೇ ಆಟಗಾರನೆಂದು ಸೇರಿಸಿಕೊಳ್ಳುತ್ತಾನೆ. ಹತ್ತು ವರ್ಷ ಕನಸಿನಲ್ಲಿ ಕಂಡ ಜೆರ್ಸಿ ಕೊನೆಗೂ ಮೈಮೇಲೆ ಬಂತು. ಆದರೆ ಆಡಲು ಅಲ್ಲ, ಬೆಂಚು ಕಾಯಲು! ಈ ಕಾದಂಬರಿಗೆ 1997ರಲ್ಲಿ ಎಡ್ಗರ್ ಪ್ರಶಸ್ತಿ ಬಂತು.

ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಬಂದು ಅಲ್ಲೇ ಉಳಿದವರಿಗೆ, ದೈಹಿಕ ಪರೀಕ್ಷೆಯಲ್ಲಿ ಅರ್ಧ ಸೆಕೆಂಡಿಗೆ ಸೋತವರಿಗೆ ಮೈರನ್ ಯಾರೆಂದು ಪರಿಚಯಿಸಬೇಕೇ? ಅವನು ತನ್ನ ಮೊಣಕಾಲನ್ನೇ ಗೇಲಿ ಮಾಡಿಕೊಳ್ಳುತ್ತಾನೆ. ಅದು ನೋವು ಮರೆತವನ ನಗುವಲ್ಲ. ಮರೆಯಲು ಆಗದ ನೋವು ಕಹಿಯಾಗದಂತೆ ಕಾಯುವ ನಗು. ಈ ಕಥೆಗಳಲ್ಲಿ ಹಾಸ್ಯಕ್ಕಿರುವ ನಿಜವಾದ ಕೆಲಸ ಇದೇ ಎಂದು ನನಗನಿಸುತ್ತದೆ.

ಬೊಗಳದ ನಾಯಿ, ತುಂಬದ ವೃತ್ತ

ಹಾಗಾದರೆ ಕೊಲೆ, ಕಳವು ಏಕೆ ಬೇಕು? ಬರೀ ಆಟದ ಕಥೆ ಸಾಲದೇ? ಸಾಲದು. ಏಕೆಂದರೆ ಆಟವೆಂದರೆ ಒಂದು ಮಾತು ಕೊಟ್ಟಂತೆ: ಎಲ್ಲರಿಗೂ ಗೆರೆ ಒಂದೇ, ಸೀಟಿ ಒಂದೇ, ಲೆಕ್ಕ ಒಂದೇ. ಆ ಮಾತನ್ನು ಯಾರೋ ಒಳಗಿಂದಲೇ ಮುರಿದಾಗ ಆಗುವ ಸಿಟ್ಟು, ಬಂಗಲೆಯಲ್ಲಿ ಒಡವೆ ಕಳವಾದಾಗ ಆಗುವುದಿಲ್ಲ.

ಈ ಸಿಟ್ಟು ನಮ್ಮ ರಾಜ್ಯಕ್ಕೆ ಹೊಸದಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನೂ ಬಂಧಿಸಿದರು. ನಿಧಾನವಾಗಿ ಬ್ಯಾಟ್ ಮಾಡಲು ಹಣ ಪಡೆದರೆಂಬ ಆರೋಪ ಕೇಳಿಬಂತು. 2022ರ ಜನವರಿಯಲ್ಲಿ ಹೈಕೋರ್ಟ್, ಮ್ಯಾಚ್ ಫಿಕ್ಸಿಂಗ್ ಐಪಿಸಿ 420ನೇ ಸೆಕ್ಷನ್ ಪ್ರಕಾರ ವಂಚನೆಯ ಅಪರಾಧವಾಗುವುದಿಲ್ಲ, ಶಿಸ್ತುಕ್ರಮ ಬಿಸಿಸಿಐಗೆ ಬಿಟ್ಟದ್ದು ಎಂದು ಹೇಳಿ ಕೆಲವರ ಮೇಲಿನ ಪ್ರಕರಣ ರದ್ದು ಮಾಡಿತು. ಕಾನೂನಿನ ಲೆಕ್ಕ ಬೇರೆ, ಟಿಕೆಟ್ ಕೊಂಡು ಕೂತ ಪ್ರೇಕ್ಷಕನ ಲೆಕ್ಕ ಬೇರೆ. ಆ ಎರಡರ ನಡುವಿನ ಜಾಗದಲ್ಲೇ ಕಾದಂಬರಿಕಾರ ಕುರ್ಚಿ ಹಾಕಿಕೊಂಡು ಕೂರುತ್ತಾನೆ.

ಇನ್ನೊಂದು ಪ್ರಕರಣ ನಮಗೆ ಇನ್ನೂ ಹತ್ತಿರದ್ದು. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 54 ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಆಯ್ಕೆ ಪಟ್ಟಿ ಬಂತು. ಆಮೇಲೆ ಒಎಂಆರ್ ಹಾಳೆ ತಿದ್ದಿದ, ಬ್ಲೂಟೂತ್ ಬಳಸಿದ ಸುದ್ದಿಗಳು ಒಂದೊಂದಾಗಿ ಹೊರಬಂದವು. ಸಿಐಡಿ ತನಿಖೆ ನಡೆಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾದವರ ಎರಡು ವರ್ಷ? ಅದನ್ನು ಯಾವ ಪತ್ತೇದಾರನೂ ಹುಡುಕಿ ತಂದುಕೊಡಲಾರ.

ಷರ್ಲಾಕ್ ಹೋಮ್ಸ್‌ನ ‘ಸಿಲ್ವರ್ ಬ್ಲೇಜ್’ ಎಂಬ 1892ರ ಕಥೆ ಓದಿದವರಿಗೆ ಒಂದು ಸಂಗತಿ ನೆನಪಿರುತ್ತದೆ. ದೊಡ್ಡ ರೇಸಿಗೆ ಮುಂಚೆ ಕುದುರೆ ಕಾಣೆಯಾಗುತ್ತದೆ. ಲಾಯದ ನಾಯಿ ಆ ರಾತ್ರಿ ಬೊಗಳಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಬೊಗಳಲಿಲ್ಲ ಎಂಬುದೇ ಹೋಮ್ಸ್‌ಗೆ ಸಿಕ್ಕ ಸುಳಿವು. ಅಂದರೆ ಬಂದವನು ಒಳಗಿನವನೇ! ಪಿಎಸ್‌ಐ ಹಗರಣದಲ್ಲೂ ನಾವೆಲ್ಲ ಪತ್ರಿಕೆಯಲ್ಲಿ ಓದಿದ ಸುಳಿವು ಅಂಥದ್ದೇ. ಅಭ್ಯರ್ಥಿ ತುಂಬಿಸದೆ ಬಿಟ್ಟ ವೃತ್ತಗಳಿಗೂ ಅಂಕ ಬಂದಿತ್ತು. ಇರಬೇಕಾದದ್ದು ಇಲ್ಲದಿರುವುದನ್ನು ಗಮನಿಸುವ ಕಣ್ಣು ಪತ್ತೇದಾರಿ ಕಥೆಯಿಂದ ಬರುವ ದೊಡ್ಡ ಲಾಭ. ರೀಸನಿಂಗ್ ಪೇಪರಿಗೂ ಅದು ಬೇಕು, ಬದುಕಿಗೂ ಬೇಕು.

ಕಾದಂಬರಿಯಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ, ಹೊರಗೆ ಹಲವೊಮ್ಮೆ ಸಿಗುವುದಿಲ್ಲ. ಹಾಗಾದರೆ ಇದು ಸುಳ್ಳು ಸಮಾಧಾನವೇ ಎಂದು ನೀವು ಕೇಳಬಹುದು. ನನಗೆ ಹಾಗನಿಸುವುದಿಲ್ಲ. ‘ಎಲ್ಲ ಮೊದಲೇ ಫಿಕ್ಸ್ ಆಗಿರುತ್ತೆ ಬಿಡ್ಲಾ’ ಎಂದು ಪುಸ್ತಕ ಮುಚ್ಚಿಡುವ ಗೆಳೆಯರು ನಮ್ಮಲ್ಲಿ ಎಷ್ಟಿಲ್ಲ? ಆ ಮಾತು ಕೇಳಲು ಜಾಣತನದಂತಿದ್ದರೂ ಮೋಸ ಮಾಡಿದವನಿಗೇ ಅನುಕೂಲ. ಪತ್ತೇದಾರಿ ಕಥೆ ಹೇಳುವುದು ಬೇರೆ: ಮೋಸ ನಡೆದಿದ್ದರೆ ಗುರುತು ಉಳಿದೇ ಇರುತ್ತದೆ, ಹುಡುಕು.

ನಮ್ಮೂರ ಟೂರ್ನಿಯಲ್ಲೇ ಕಥೆಯಿದೆ

ಕನ್ನಡಕ್ಕೆ ಪತ್ತೇದಾರಿ ಹೊಸತಲ್ಲ. ನಾಲ್ಕನೇ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಒಂದು ತಲೆಮಾರಿಗೆ ಓದುವ ಚಟ ಹಿಡಿಸಿದರು. ಅವರ ಪತ್ತೇದಾರ ಪುರುಷೋತ್ತಮನನ್ನು ನಮ್ಮ ಅಜ್ಜಂದಿರು ಇನ್ನೂ ನೆನೆಯುತ್ತಾರೆ. ನಗುವೂ ನಿಗೂಢವೂ ಜೋಡಿಯಾಗಿ ಹೋಗಬಲ್ಲವು ಎಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಇದೆ. ಏಲಕ್ಕಿ ಬೆಳೆ ಕುಸಿದದ್ದೇಕೆ, ವಿಜ್ಞಾನಿ ಜೋಗಿಹಾಳರ ಸಾವಿನ ಹಿಂದೆ ಏನಿದೆ ಎಂದು ಕೆಸರೂರಿಗೆ ಬರುವ ಅಧಿಕಾರಿಯ ಕಥೆಯಲ್ಲಿ ಹೊಟ್ಟೆ ಹಿಡಿದು ನಗುತ್ತಲೇ ಎದೆ ಝಲ್ಲೆನ್ನುತ್ತದೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುವ ನಿಗೂಢ ಕಥೆ ಹಗುರ ಸರಕು ಎನ್ನುವವರಿಗೆ ಇಷ್ಟು ಸಾಕು.

ಇದನ್ನು ಮೈದಾನಕ್ಕೆ ತರಲು ಸರಕು ಬೇಕೆ? ನಮ್ಮ ಹಳ್ಳಿಗಳ ಟೂರ್ನಿ ನೋಡಿ. ಹೊನಲು ಬೆಳಕಿನ ಕಬಡ್ಡಿ, ಗದ್ದೆ ಕೊಯ್ಲಾದ ಮೇಲಿನ ಟೆನಿಸ್ ಬಾಲ್ ಕ್ರಿಕೆಟ್, ಬಹುಮಾನಕ್ಕೆ ಟಗರು. ಚೆಂಡು ಕಬ್ಬಿನ ಗದ್ದೆಗೆ ಬಿದ್ದರೆ ಎರಡೂ ತಂಡ ಪತ್ತೇದಾರರಾಗುತ್ತವೆ. ‘ಔಟಲ್ಲ ಕನಣ್ಣೋ’ ಎಂಬ ವಾದ ಮುಗಿಯುವುದರೊಳಗೆ ಮೈಕ್ ಹಿಡಿದ ಅಣ್ಣ ಬ್ಯಾಟ್ಸ್‌ಮನ್‌ನ ಮದುವೆ ವಿಚಾರದವರೆಗೂ ಹೋಗಿರುತ್ತಾನೆ. ಎದುರಾಳಿ ತಂಡದ ಹನ್ನೊಂದನೆಯವನು ನಿಜಕ್ಕೂ ಆ ಊರಿನವನೇ ಎಂದು ಆಧಾರ್ ಕಾರ್ಡ್ ತರಿಸಿ ನೋಡುವುದೂ ಉಂಟು. ಬಹುಮಾನದ ಟಗರೇ ಫೈನಲ್‌ನ ಹಿಂದಿನ ರಾತ್ರಿ ಕಾಣೆಯಾದರೆ? ಮೊದಲ ಅಧ್ಯಾಯ ಸಿದ್ಧ. ಇನ್ನು ಬರೆಯುವವರು ಬೇಕು. ಅದು ನೀವೇ ಏಕಾಗಬಾರದು?

ಬರೆಯುವ ಮೊದಲು ಓದಿ. ದಪ್ಪ ಪುಸ್ತಕಕ್ಕೆ ಹೆದರಬೇಡಿ, ‘ಸಿಲ್ವರ್ ಬ್ಲೇಜ್’ನಿಂದ ಶುರುಮಾಡಿ. ಕೊಳ್ಳೇಗಾಲದಲ್ಲಿ ಮಹದೇಶ್ವರ ಬೆಟ್ಟದ ಬಸ್ ಹತ್ತಿ ತೆರೆದರೆ, ಹನೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಗಿಯುತ್ತದೆ. ತಾಳಬೆಟ್ಟ ಬಂದ ಮೇಲೆ ಮಾತ್ರ ಪುಸ್ತಕ ಮುಚ್ಚಿಬಿಡಿ. ಅಲ್ಲಿಂದ ಮುಂದಿನ ತಿರುವುಗಳಿಗೆ ಯಾವ ಕಾದಂಬರಿಯ ತಿರುವೂ ಸಮವಲ್ಲ!