ಚದುರಂಗದ ಮಣೆಯೂ ಗಣಕಯಂತ್ರದ ಮಿದುಳೂ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮ್ಮಂಥ ವಿದ್ಯಾರ್ಥಿಗಳ ಕೈಗೆ ಬರುವ ಗಣಕಯಂತ್ರ ಎಷ್ಟೋ ಸಲ ಸೆಕೆಂಡ್ ಹ್ಯಾಂಡ್ ಆಗಿರುತ್ತದೆ. ಅದನ್ನು ಕೊಳ್ಳುವಾಗ ನಾವು ಮೊದಲು ಕೇಳುವ ಪ್ರಶ್ನೆ, “ಎಷ್ಟು ಗಿಗಾಹರ್ಟ್ಜ್?” ಎಂಬುದು. ಆ ಅಂಕಿ ದೊಡ್ಡದಾದಷ್ಟೂ ಯಂತ್ರವು ಚದುರಂಗವನ್ನು ಚುರುಕಾಗಿ ಆಡೀತೆಂದು ಹಲವರ ನಂಬುಗೆ. ಇದು ಅರ್ಧಸತ್ಯ. ಗಡಿಯಾರದ ಬಡಿತ ಒಂದೇ ಆಗಿರುವ ಎರಡು ಯಂತ್ರಗಳಲ್ಲಿ ಒಂದೇ ಪ್ರೋಗ್ರಾಮನ್ನು ನಡೆಸಿದರೂ ಒಂದು ಇನ್ನೊಂದನ್ನು ಬಹಳ ಹಿಂದೆ ಹಾಕುವುದುಂಟು. ಕಾರಣ, ಯಂತ್ರದ ಮಿದುಳೆನಿಸಿದ ಪ್ರೊಸೆಸರಿನ ಒಳರಚನೆ. ಅದು ಹೇಗೆಂಬುದನ್ನು ಕಲಾ ವಿಭಾಗದ ಮಿತ್ರರಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇನೆ.

ಒಂದು ನಡೆ ಇಡುವ ಮುನ್ನ ಪ್ರೋಗ್ರಾಮು ಮುಂದೆ ಬರಬಹುದಾದ ಲಕ್ಷಾಂತರ ಸ್ಥಿತಿಗಳನ್ನು ನೋಡಿ ಬೆಲೆ ಕಟ್ಟುತ್ತದೆ. ಸೆಕೆಂಡಿಗೆ ಎಷ್ಟು ಸ್ಥಿತಿಗಳನ್ನು ನೋಡಿತೆಂಬುದೇ ಅದರ ವೇಗ.

ಚದುರಂಗದ ಮಣೆಗೆ 64 ಮನೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು ಈ 64 ಮನೆಗಳಲ್ಲಿಯೂ ಒಂದೊಂದೇ ಬಾರಿ ನಡೆಸುವ ಬಂಧಗಳನ್ನು ರಚಿಸಿ ಕೀರ್ತಿವಂತರಾದರು. ಕುದುರೆಗೆ ಮೂಲೆಯಿಂದ ಎರಡೇ ನಡೆ, ನಡುಮಣೆಯಿಂದ ಎಂಟು; ಎಲ್ಲ ಮನೆಗಳ ಲೆಕ್ಕ ಕೂಡಿದರೆ 336. ಮನುಷ್ಯನು ಇದನ್ನು ಕಣ್ಣಾರೆ ಕಾಣುತ್ತಾನೆ. ಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಕಾಯಿ ಇದ್ದ ಮನೆಗೆ ಒಂದು, ಇಲ್ಲದ ಮನೆಗೆ ಸೊನ್ನೆ ಎಂದು ಬರೆದರೆ ಇಡೀ ಮಣೆಯು 64 ಅಂಕೆಗಳ ಒಂದು ಸಾಲಾಗುತ್ತದೆ. 64 ಬಿಟ್ಟಿನ ಪ್ರೊಸೆಸರು ಈ ಸಾಲನ್ನು ಒಂದೇ ತುತ್ತಿಗೆ ನುಂಗಬಲ್ಲದು. 32 ಬಿಟ್ಟಿನ ಹಳೆಯ ಪ್ರೊಸೆಸರಾದರೋ ಮಣೆಯನ್ನು ಎರಡು ತುಂಡು ಮಾಡಿ ಎರಡು ಸಲ ದುಡಿಯಬೇಕು.

ಇನ್ನು ಆಜ್ಞೆಗಳ ವಿಚಾರ. ಈ ಸಾಲಿನಲ್ಲಿ ಒಂದುಗಳೆಷ್ಟು ಎಂಬುದು ಪ್ರೋಗ್ರಾಮಿಗೆ ಮತ್ತೆ ಮತ್ತೆ ಬೇಕಾಗುವ ಲೆಕ್ಕ. 2008ರ ಕೊನೆಗೆ ಬಂದ ಇಂಟೆಲ್ ಸಂಸ್ಥೆಯ ನೆಹಲೆಮ್ ಪ್ರೊಸೆಸರು ಇದನ್ನು ಒಂದೇ ಆಜ್ಞೆಯಲ್ಲಿ ಎಣಿಸುತ್ತದೆ. 2013ರ ಹ್ಯಾಸ್ವೆಲ್ ತಂದ ಪೆಕ್ಸ್ಟ್ ಎಂಬ ಆಜ್ಞೆಯು ಆನೆಯ ದಾರಿಯ ಮನೆಗಳನ್ನಷ್ಟೇ ಆರಿಸಿ ಜೋಡಿಸಿ ಕೊಡುತ್ತದೆ. ಆನೆ ಎಲ್ಲಿಯವರೆಗೆ ಹೋದೀತೆಂಬುದು ಆಗ ಕೋಷ್ಟಕದಲ್ಲಿ ಕೂಡಲೇ ಸಿಗುತ್ತದೆ. ಎ.ಎಂ.ಡಿ. ಸಂಸ್ಥೆಯ 2019ರ ಜೆನ್ 2 ಪ್ರೊಸೆಸರಿನಲ್ಲಿಯೂ ಈ ಆಜ್ಞೆ ಉಂಟು. ಆದರೆ ಒಳಗೆ ಅದು ಅನೇಕ ಸಣ್ಣ ಹೆಜ್ಜೆಗಳಾಗಿ ನಡೆಯುವುದರಿಂದ ನಿಧಾನ. 2020ರ ಜೆನ್ 3ರಲ್ಲಿ ಈ ಕೊರತೆ ನೀಗಿತು. ಆಜ್ಞೆ ಒಂದೇ, ವೇಗ ಮಾತ್ರ ಬೇರೆ!

ಮೂರನೆಯದು ನೆನಪಿನ ದೂರ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ತುಂಬಿದ್ದರೂ ಆ ನೀರು ಘಟಪ್ರಭೆಯಲ್ಲಿ ಧುಪದಾಳಕ್ಕೆ ಬಂದು, ಎಡದಂಡೆ ಕಾಲುವೆ ಹಿಡಿದು, ಮೂಡಲಗಿ ಕಡೆಯ ಹೊಲಗಳಿಗೆ ಮುಟ್ಟುವವರೆಗೆ ರೈತನು ಕಾಯಲೇಬೇಕು. ಪ್ರೊಸೆಸರಿನ ಪಾಡೂ ಇದೇ. ಯಂತ್ರದ ಮುಖ್ಯ ಸ್ಮೃತಿಕೋಶವು ಜಲಾಶಯವಾದರೆ, ಪ್ರೊಸೆಸರಿನೊಳಗೇ ಇರುವ ಕ್ಯಾಶ್ ಎಂಬ ಪುಟ್ಟ ಕೋಶವು ಹೊಲದ ಅಂಚಿನ ಕಾಲುವೆ. ಕುದುರೆಯ ನಡೆಗಳ ಕೋಷ್ಟಕಕ್ಕೆ 512 ಬೈಟ್ ಸಾಕು. ಆನೆಯ ನಡೆಗಳಿಗೆ ಸಾಮಾನ್ಯವಾಗಿ ಬಳಸುವ ಕೋಷ್ಟಕಕ್ಕೆ 800 ಕಿಲೋಬೈಟ್ ಬೇಕು. ಅನೇಕ ಪ್ರೊಸೆಸರುಗಳ ಅತಿ ಸಮೀಪದ ಕ್ಯಾಶ್ ಇರುವುದು 32 ಕಿಲೋಬೈಟ್. ಕುದುರೆ ಹಿಡಿಸುತ್ತದೆ, ಆನೆ ಹಿಡಿಸದು! ಬೇಕಾದ ಅಂಕಿ ದೂರದಿಂದ ಬರುವವರೆಗೆ ಗಡಿಯಾರ ಎಷ್ಟು ಬೇಗ ಬಡಿದರೇನು?

ಹೆಚ್ಚು ಕೋರ್‌ಗಳಿದ್ದರೆ? ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ ವಿನ್ಯಾಸಗೊಂಡು 2008ರಲ್ಲಿ ಹೊರಬಂದ ಡನಿಂಗ್‌ಟನ್ ಪ್ರೊಸೆಸರಿನಲ್ಲಿ ಆರು ಕೋರ್‌ಗಳಿದ್ದವು. ಆರು ಜನ ಕೂಡಿ ಕಬ್ಬು ಕಡಿದರೆ ಕೆಲಸ ಆರು ಪಟ್ಟು ಸಾಗೀತು, ಚದುರಂಗದಲ್ಲಿ ಹಾಗಲ್ಲ. ಒಂದು ನಡೆಯ ಫಲ ತಿಳಿದ ಮೇಲೆಯೇ ಎಷ್ಟೋ ಬೇರೆ ನಡೆಗಳನ್ನು ನೋಡದೆ ಬಿಡಬಹುದು. ಅದು ತಿಳಿಯುವ ಮೊದಲೇ ಎಲ್ಲರೂ ದುಡಿಯತೊಡಗಿದರೆ ಕೆಲವರ ದುಡಿಮೆ ವ್ಯರ್ಥ.

ಇಷ್ಟಾಗಿ, ವೇಗವೇ ಸರ್ವಸ್ವವೆ? 1997ರಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಐ.ಬಿ.ಎಂ. ಸಂಸ್ಥೆಯ ಡೀಪ್ ಬ್ಲೂ, ಚದುರಂಗಕ್ಕೆಂದೇ ಮಾಡಿದ 480 ಚಿಪ್‌ಗಳ ಬಲದಿಂದ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. 2020ರಲ್ಲಿ ಸ್ಟಾಕ್‌ಫಿಶ್ ಎಂಬ ಉಚಿತ ಪ್ರೋಗ್ರಾಮು, ಜಪಾನಿನ ಯು ನಾಸು ಅವರು 2018ರಲ್ಲಿ ಶೋಗಿ ಆಟಕ್ಕಾಗಿ ರೂಪಿಸಿದ ಬಗೆಯ ನರಜಾಲವನ್ನು ಅಳವಡಿಸಿಕೊಂಡಿತು. ಆಗ ಸೆಕೆಂಡಿಗೆ ನೋಡುವ ಸ್ಥಿತಿಗಳು ಕಡಿಮೆಯಾದವು; ಆಟದ ಬಲ ಹೆಚ್ಚಿತು. ಪ್ರತಿಯೊಂದು ಸ್ಥಿತಿಗೂ ಹೆಚ್ಚು ವಿವೇಕದಿಂದ ಬೆಲೆ ಕಟ್ಟಿದ್ದೇ ಕಾರಣ. ಈ ವಿವೇಕಕ್ಕೂ ಪ್ರೊಸೆಸರಿನ ರಚನೆಯೇ ಆಸರೆ. ಎವಿಎಕ್ಸ್ 2 ಎಂಬ ಆಜ್ಞೆಗಳುಳ್ಳ ಪ್ರೊಸೆಸರು ಎಂಟು ಬಿಟ್ಟಿನ 32 ಸಂಖ್ಯೆಗಳ ಮೇಲೆ ಒಂದೇ ಏಟಿಗೆ ಕೆಲಸ ಮಾಡುತ್ತದೆ.

ಆದ್ದರಿಂದ ಹಳೆಯ ಯಂತ್ರವುಳ್ಳ ಮಿತ್ರರು ನಿರಾಶರಾಗಬೇಕಿಲ್ಲ. ಸ್ಟಾಕ್‌ಫಿಶ್ ಬೇರೆ ಬೇರೆ ಪ್ರೊಸೆಸರುಗಳಿಗೆ ಹೊಂದುವಂತೆ ಬೇರೆ ಬೇರೆ ರೂಪಗಳಲ್ಲಿ ದೊರೆಯುತ್ತದೆ. ತಮ್ಮ ಪ್ರೊಸೆಸರಿಗೆ ಯಾವ ಆಜ್ಞೆಗಳು ಗೊತ್ತೆಂದು ತಿಳಿದು, ತಕ್ಕ ರೂಪವನ್ನು ಆರಿಸಿಕೊಳ್ಳಬೇಕು. ಗೊತ್ತಿಲ್ಲದ ಆಜ್ಞೆಗಳ ರೂಪವನ್ನು ಹಾಕಿದರೆ ಅದು ನಡೆಯುವುದೇ ಇಲ್ಲ. ತೀರ ಸಾಮಾನ್ಯ ರೂಪವನ್ನು ಹಾಕಿದರೆ ಇದ್ದ ಶಕ್ತಿಯೂ ಪೋಲಾಗುತ್ತದೆ. ಹೊಸ ಯಂತ್ರಕ್ಕೆ ಹಣವಿಲ್ಲದವನಿಗೆ ಇದು ಬಿಡಿಗಾಸು ಖರ್ಚಿಲ್ಲದೆ ದೊರೆಯುವ ವೇಗ. ಇರುವ ಯಂತ್ರವನ್ನು ಅರಿತು ಬಳಸುವುದೂ ಒಂದು ವಿದ್ಯೆಯೇ ಸರಿ.