ಕಾಯಿ ಬಿಡೋ ಮೆಣಸಿನ ಗಿಡ ಕಿತ್ತು ಬೇರೆ ಕಡೆ ಹಚ್ಚಬಹುದಾ?

ಹೋದ ವಾರ ಅಫಜಲಪುರ ಕಡೆಯ ಒಬ್ಬ ತಮ್ಮ ಫೋಟೋ ಕಳಿಸಿ ಕೇಳಿದ: "ಅಕ್ಕಾ, ಹಿತ್ತಲದಾಗ ಹೊಸ ಖೋಲಿ ಕಟ್ಟಲಾಕತ್ತೀವಿ. ಅವ್ವ ಹಚ್ಚಿದ ಮೆಣಸಿನ ಗಿಡ ಪಾಯಾದಾಗೇ ಬರ್ತದ. ಮನೀ ಬೀಜದ್ದು. ಕಿತ್ತು ಹಚ್ಚಿದ್ರ ಬದುಕ್ತದೇನು?"

ಬದುಕ್ತದ. ಆದರೆ ಅಗಿ ಹಚ್ಚಿದಂಗೆ ಹಚ್ಚಿದರೆ ಬದುಕೋದು ಕಷ್ಟ.

ತೋಟಗಾರಿಕೆ ಓದಿ ಬಂದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಕಾಯಿ ಹಾಳಾಗುತ್ತವೆ ಅಂತ ಒಂದು ಟೊಂಗೆಯನ್ನೂ ಕತ್ತರಿಸದೆ ಎತ್ತಿ ಹಚ್ಚಿದೆ. ಬಾಡಿತು ಅಂತ ದಿನಾ ಕೊಡಗಟ್ಟಲೆ ನೀರು ಹಾಕಿದೆ. ವಾರದಲ್ಲಿ ಬುಡ ಕೊಳೆಯಿತು.

ಕಾರಣ ಸರಳ. ಗಿಡಕ್ಕೆ ನೀರು ಹೀರಿ ಕೊಡೋದು ಹೊರಗಿನ ಎಳೆ ಬೇರುಗಳು. ಅಗೆದಾಗ ಮೊದಲು ಹರಿಯೋದೂ ಅವೇ. ಮೇಲೆ ಎಲೆ ಅಷ್ಟೇ ಉಳಿದು ಕೆಳಗೆ ಬೇರು ಅರ್ಧಕ್ಕಿಳಿದರೆ, ಆದಾಯಕ್ಕಿಂತ ಖರ್ಚು ಹೆಚ್ಚಾದ ಮನೆಯ ಗತಿಯೇ. ಹಾಗಾಗಿ ಮೇಲಿನ ಖರ್ಚು ಇಳಿಸೋದೇ ನಮ್ಮ ಕೆಲಸ.

ಯಾವಾಗ?

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಸಾಧ್ಯವಾದರೆ ಆಗ ಬೇಡ. ಮೋಡ ಇರುವ ದಿನ, ಸಂಜೆ ಹೊತ್ತು ಒಳ್ಳೇದು. ಎರೆ ಮಣ್ಣು ಒಣಗಿದ್ದರೆ ಹೆಂಟೆ ಒಡೆದು ಬೇರು ಹರೀತಾವ, ತೀರಾ ಹಸಿಯಿದ್ದರೆ ಸಲಿಕೆಗೆ ಮೆತ್ತುತ್ತದೆ. ಒಂದೆರಡು ದಿನ ಮೊದಲು ನೀರು ಕೊಡಿ. ಮಣ್ಣು ಹಿಡಿದರೆ ಉಂಡೆ ಆಗಬೇಕು, ಕೈಗೆ ಅಂಟಬಾರದು. ಅದೇ ಹದ.

ಹೇಗೆ?

1. ಮೊದಲು ಹೊಸ ತಗ್ಗು ತೆಗೆಯಿರಿ: ಒಂದೂವರೆ ಅಡಿ ಅಗಲ, ಒಂದು ಅಡಿ ಆಳ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ. ಜೇವರ್ಗಿ ಕಡೆಯ ಹಾಗೆ ಆಳವಾದ ಎರೆಯಿದ್ದರೆ ನೀರು ನಿಲ್ಲದಂತೆ ಜಾಗ ಸ್ವಲ್ಪ ಎತ್ತರಿಸಿ.

2. ಹೂವು, ಕಾಯಿ ಎಲ್ಲಾ ತೆಗೆಯಿರಿ. ಟೊಂಗೆಗಳನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕತ್ತರಿಸಿ. ಕೆಂಪಾದ ಕಾಯಿ ಒಣಗಿಸಿ ಬೀಜ ಎತ್ತಿಡಿ. ಗಿಡ ಹೋದರೂ ಮನೆ ಬೀಜ ಉಳೀತದ.

3. ಬುಡದಿಂದ ಒಂದು ಗೇಣು ಬಿಟ್ಟು ಸುತ್ತಲೂ ಅಗೆಯಿರಿ. ಕಾಂಡ ಹಿಡಿದು ಜಗ್ಗಬೇಡಿ. ಕೆಳಗೆ ಗೋಣಿಚೀಲ ಸರಿಸಿ, ಇಬ್ಬರು ಹಿಡಿದು ಮಣ್ಣಿನ ಉಂಡೆ ಸಮೇತ ಎತ್ತಿ. ಗರಸು ಮಣ್ಣು ಉದುರುತ್ತದೆ, ಅಲ್ಲಿ ಚೀಲವನ್ನು ಬಿಗಿಯಾಗಿ ಸುತ್ತಿ ಕಟ್ಟಿ.

4. ಮೊದಲು ಎಷ್ಟು ಆಳ ಇತ್ತೋ ಅಷ್ಟೇ ಆಳಕ್ಕೆ ಕೂರಿಸಿ. ಮಣ್ಣನ್ನು ಕೈಯಿಂದ ಮೆಲ್ಲಗೆ ಒತ್ತಿ, ತುಳಿಯಬೇಡಿ. 3-4 ಲೀಟರ್ ನೀರು ನಿಧಾನ ಕೊಡಿ.

5. ನಾಲ್ಕು ತೊಗರಿ ಕಟಗಿ ನಿಲ್ಲಿಸಿ ಹಳೇ ಸೀರೆ ಕಟ್ಟಿದರೆ ನೆರಳಾಯಿತು. 7ರಿಂದ 10 ದಿನ ಇರಲಿ, ಬೇಸಿಗೆಯಾದರೆ ಎರಡು ವಾರ. ಬುಡಕ್ಕೆ ತಾಗದಂತೆ ಸುತ್ತ ತೊಗರಿ ಹೊಟ್ಟು ಹರಡಿ.

ಆಮೇಲೆ?

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಎದ್ದರೆ ಹೆದರಬೇಡಿ. ಬೆಳಿಗ್ಗೆಯೂ ಜೋತಿದ್ದರೆ ಬೆರಳು ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ, ಹಸಿಯಿದ್ದರೆ ನಿಲ್ಲಿಸಿ. ಹೊಸ ಚಿಗುರು ಕಾಣೋವರೆಗೆ ಬೇರೆ ಗೊಬ್ಬರ, ಜೀವಾಮೃತ ಯಾವುದೂ ಬೇಡ.

ಮುಟುರು ರೋಗದ ಗಿಡ ಮಾತ್ರ ಜಾಗ ಬದಲಿಸಬೇಡಿ. ಬಿಳಿನೊಣದ ಮೂಲಕ ಆ ನಂಜು ಬೇರೆ ಗಿಡಕ್ಕೂ ಹೋಗುತ್ತದೆ. ಥ್ರಿಪ್ಸ್, ನುಸಿಯಿಂದಲೂ ಎಲೆ ಮುಟುರುತ್ತದೆ, ಎಲೆಯ ಕೆಳಭಾಗ ನೋಡಿ ತಿಳಿಯಿರಿ.

ಇದು ಹಿತ್ತಲಿನ ಒಂದೆರಡು ಗಿಡದ ಮಾತು. ಆಳಂದದಲ್ಲಿ ಒಬ್ಬರು ಅರ್ಧ ಎಕರೆ ಹೀಗೆ ಬದಲಿಸಲೇನು ಅಂದರು. ಬೇಡ, ಕೂಲಿಯೇ ಗಿಟ್ಟಲ್ಲ. ಹೊಲಕ್ಕೆ 35-45 ದಿನದ ಹೊಸ ಅಗಿಯೇ ಸರಿ.

ಆ ತಮ್ಮಗೆ ಹೇಳಿದ್ದು ಇಷ್ಟೇ: ಪಾಯಾ ತೋಡೋ ಮುಂಜಾನೆ ಅವಸರದಾಗ ಕೀಳಬ್ಯಾಡ. ಗೌಂಡಿಗೆ ಒಂದು ವಾರ ತಡಿ ಅನ್ನು, ಇವತ್ತೇ ಬೀಜ ತೆಗೆದಿಡು.