ನಾಲ್ಕೂವರೆಗೇ ಕತ್ತಲಾಗುವ ಊರಿನಲ್ಲಿ

ಡಿಸೆಂಬರ್ ಮೂರನೇ ವಾರ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ. ಸಂಜೆ ನಾಲ್ಕೂವರೆ ಆಗುವಷ್ಟರಲ್ಲಿ ಮುಳುಗಿರುತ್ತಾನೆ. ಮೋಡ ಕವಿದ ದಿನಗಳೇ ಹೆಚ್ಚು, ಹಾಗಾಗಿ ಹುಟ್ಟಿದ್ದನ್ನೂ ಮುಳುಗಿದ್ದನ್ನೂ ಗಡಿಯಾರ ನೋಡಿಯೇ ತಿಳಿಯಬೇಕು. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಕಮ್ಮಿ ಇರುವುದಿಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಎಂಟೂಕಾಲು ಗಂಟೆ. ಆಫೀಸಿಗೆ ಹೊರಟಾಗಲೂ ಕತ್ತಲು, ವಾಪಸ್ ಬರುವಾಗಲೂ ಕತ್ತಲು. ಆರು ಗಂಟೆಗೆ ಮನೆ ಸೇರಿ ಫೋನ್ ತೆಗೆದರೆ ಊರಲ್ಲಿ ಆಗಲೇ ರಾತ್ರಿ ಹತ್ತೂವರೆ. ಅಮ್ಮ ನಿದ್ದೆ ತಡೆದುಕೊಂಡು ಕಾಯುತ್ತಿರುತ್ತಾಳೆ. "ಊಟ ಆಯ್ತಾ?" ಆದ ಮೇಲೆ "ಯಾಕೋ, ದನಿ ಸಪ್ಪಗಿದೆಯಲ್ಲ?" ಅಷ್ಟರಲ್ಲಿ ಪಕ್ಕದಲ್ಲಿದ್ದ ಚಿಕ್ಕಪ್ಪ ಫೋನ್ ಇಸಿದುಕೊಂಡು, "ಅಷ್ಟು ದೂರ ಹೋಗಿದೀಯ, ಪಾಸಿಟಿವ್ ಆಗಿರಬೇಕಪ್ಪ" ಎನ್ನುತ್ತಾರೆ.

ಚಿಕ್ಕಪ್ಪನ ಕಾಳಜಿ ದೊಡ್ಡದು. ಆದರೆ ಮನಸ್ಸಿಗೆ ಹೀಗೆ ಅಪ್ಪಣೆ ಕೊಟ್ಟು ಕೆಲಸ ಮಾಡಿಸುವುದು ಆಗದ ಮಾತು. ಪರದೇಶದಲ್ಲಿ ನೆಲೆ ನಿಂತವರನ್ನು ಕಂಡಷ್ಟೂ ನನಗೆ ಅನ್ನಿಸುವುದು ಒಂದೇ. ಅವರು ಮನಸ್ಸಿನ ಬೆನ್ನು ಹತ್ತಿದವರಲ್ಲ. ದಿನವನ್ನು ಒಂದು ಕ್ರಮಕ್ಕೆ ತಂದುಕೊಂಡರು, ಮನಸ್ಸು ಆಮೇಲೆ ತಾನಾಗಿ ಹಿಂದೆ ಬಂತು.

ಕರ್ನಾಟಕದಿಂದ ಆ ಸೀಮೆಗೆ ದಾರಿ ಹೊಸದೇನಲ್ಲ. ಬೆಂಗಳೂರಿಗರ ಬಾಯಲ್ಲಿ ಇವತ್ತಿಗೂ 'ಮೈಕೋ' ಆಗಿರುವ ಬಾಷ್ ಕಂಪನಿಯ ಮೂಲ ಸ್ಟುಟ್‌ಗಾರ್ಟ್. ಅಲ್ಲಿಂದ ತುಸು ವಾಯವ್ಯಕ್ಕಿರುವ ವಾಲ್ಡಾರ್ಫ್‌ನ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 1998ರಲ್ಲಿ ಬೆಂಗಳೂರಿನಲ್ಲಿ ತನ್ನ ಲ್ಯಾಬ್ಸ್ ತೆರೆಯಿತು. ಈಗ ಎಂಜಿನಿಯರುಗಳಿಗಿಂತ ಹೆಚ್ಚಾಗಿ ವಿದ್ಯಾರ್ಥಿಗಳ ಸಾಲು. 2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರಕ್ಕೂ ಹೆಚ್ಚು; ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರದೇ ದೊಡ್ಡ ಗುಂಪು. ವೀಸಾ ಸಿಗಬೇಕಾದರೆ ವರ್ಷದ ಖರ್ಚಿಗೆಂದು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ತೋರಿಸಬೇಕು. ಜಮೀನಿನ ಮೇಲೆ ಸಾಲ ಎತ್ತಿ ಆ ಹಣ ಹೊಂದಿಸಿದ ಮನೆಯ ಮಗ "ನನಗಿಲ್ಲಿ ಬೇಜಾರು" ಎಂದು ಹೇಗೆ ಹೇಳಿಯಾನು? ಬೇಜಾರಿನ ಮೇಲೆ ಅದನ್ನು ಮುಚ್ಚಿಡುವ ಭಾರವೂ ಸೇರುತ್ತದೆ.

ಒಳ್ಳೆಯದನ್ನೇ ಕಲ್ಪಿಸಿಕೊಂಡರೆ ಒಳ್ಳೆಯದೇ ಆಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಅದೇ ದೇಶದ ಮನೋವಿಜ್ಞಾನಿ, ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಗಾಬ್ರಿಯೆಲೆ ಓಟಿಂಗನ್. 2002ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕೆಲಸ ಹುಡುಕುತ್ತಿದ್ದ ಪದವೀಧರರಿದ್ದರು. ಕನಸಿನ ನೌಕರಿಯ ಬಣ್ಣದ ಚಿತ್ರಗಳಲ್ಲಿ ಹೆಚ್ಚು ಮುಳುಗಿದವರಿಗೆ ಎರಡು ವರ್ಷದ ನಂತರ ಕಡಿಮೆ ಆಫರ್, ಕಡಿಮೆ ಸಂಬಳ. ಹಿಂದಿನ ಅನುಭವದ ಆಧಾರದ ಮೇಲೆ "ಸಿಗಬಹುದು" ಎಂದು ನಿರೀಕ್ಷಿಸಿದವರ ಗತಿ ಇದಕ್ಕೆ ತದ್ವಿರುದ್ಧ. ಓಟಿಂಗನ್ ಹೇಳುವುದು, ಆಸೆಯನ್ನು ಎದುರಿಗಿಟ್ಟುಕೊಂಡ ಕೂಡಲೇ ಅದಕ್ಕೆ ಅಡ್ಡ ನಿಂತಿರುವುದನ್ನೂ, ಅದರಲ್ಲೂ ನಮ್ಮೊಳಗಿನ ಅಡ್ಡಿಯನ್ನು, ದಿಟ್ಟಿಸಿ ನೋಡಿ. ಆ ಅಡ್ಡಿ ಬಂದಾಗ ಏನು ಮಾಡುತ್ತೀರೆಂದು ಮೊದಲೇ ನಿಶ್ಚಯಿಸಿ ಎಂದು.

ಇದನ್ನು ಸ್ಟುಟ್‌ಗಾರ್ಟ್‌ನ ಒಂದು ಬೇಕರಿಗೆ ತಂದು ನೋಡೋಣ. ಜರ್ಮನ್ ಮಾತಾಡಬೇಕೆಂಬ ಆಸೆ ಇದೆ. ನಾವು ಎರಡನೇ ಪದಕ್ಕೆ ತಡವರಿಸಿದ್ದೇ ತಡ, ಕೌಂಟರಿನವಳು ಇಂಗ್ಲಿಷಿಗೆ ಬರುತ್ತಾಳೆ, ನಮಗೂ ಹಾಯೆನಿಸುತ್ತದೆ. ಅಡ್ಡಿ ಇರುವುದು ಅವಳ ಇಂಗ್ಲಿಷಿನಲ್ಲಲ್ಲ, ನಮಗೆ ಹಾಯೆನಿಸಿದ್ದರಲ್ಲಿ. ಅವಳು ಯಾವ ಭಾಷೆಯಲ್ಲೇ ಕೇಳಲಿ, ಬ್ರೆಡ್ಡಿನ ಲೆಕ್ಕ ಮುಗಿಯುವವರೆಗೆ ಜರ್ಮನ್ ಬಿಡುವುದಿಲ್ಲ ಎಂದು ಮನೆಯಲ್ಲೇ ತೀರ್ಮಾನಿಸಿ ಹೊರಟರೆ, ವಾರಕ್ಕೆ ನಾಲ್ಕು ನಿಮಿಷವಾದರೂ ಭಾಷೆ ಬಾಯಲ್ಲಿ ಆಡುತ್ತದೆ.

ಪರಸ್ಥಳದ ತಳಮಳಕ್ಕೆ 'ಕಲ್ಚರ್ ಶಾಕ್' ಎಂಬ ಹೆಸರನ್ನು ಬಳಕೆಗೆ ತಂದವರು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. 1954ರಲ್ಲಿ ರಿಯೊ ಡಿ ಜನೈರೊದ ಒಂದು ಮಹಿಳಾ ಕ್ಲಬ್ಬಿನಲ್ಲಿ ಮಾಡಿದ ಭಾಷಣದಲ್ಲಿ ಅವರು ಅದರ ಹಂತಗಳನ್ನು ವಿವರಿಸಿದರು: ಮೊದಲು ಹನಿಮೂನ್, ಆಮೇಲೆ ಸಿಡುಕು, ಆಮೇಲೆ ನಿಧಾನ ಚೇತರಿಕೆ. ಮರುವರ್ಷ ನಾರ್ವೆಯ ಸ್ವೆರ್ರೆ ಲೈಸ್‌ಗೋರ್, ಅಮೆರಿಕಕ್ಕೆ ಹೋಗಿಬಂದ ಇನ್ನೂರು ಮಂದಿ ಫುಲ್‌ಬ್ರೈಟ್ ವಿದ್ವಾಂಸರನ್ನು ಮಾತಾಡಿಸಿ, ಆರರಿಂದ ಹದಿನೆಂಟು ತಿಂಗಳ ನಡುವೆ ಅಲ್ಲಿದ್ದವರೇ ಕಡಿಮೆ ಹೊಂದಿಕೊಂಡವರು ಎಂದರು. ಮೊದಲು ಮೇಲಿದ್ದು, ನಡುವೆ ಇಳಿದು, ಮತ್ತೆ ಏರುವ, ಇಂಗ್ಲಿಷಿನ 'ಯು' ಅಕ್ಷರದಂಥ ಈ ಗೆರೆ ಇವತ್ತಿಗೂ ಕಂಪನಿಗಳ ಓರಿಯೆಂಟೇಶನ್ ಸ್ಲೈಡುಗಳಲ್ಲಿ ಓಡಾಡುತ್ತಿದೆ. ಆದರೆ 1998ರಲ್ಲಿ ಕೊಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿನಲ್ಲಿದ್ದ ಜಪಾನಿ ವಿದ್ಯಾರ್ಥಿಗಳನ್ನು ಕಾಲಕಾಲಕ್ಕೆ ಅಳೆದು ನೋಡಿದಾಗ ಕಂಡದ್ದು ಬೇರೆ. ಸಂಕಟ ಹೆಚ್ಚಿದ್ದದ್ದು ಇಳಿದ ಹೊಸದರಲ್ಲೇ. ಹನಿಮೂನಿನ ಸುಳಿವೇ ಇಲ್ಲ. ಹಾಗಾಗಿ ಬಂದ ವಾರವೇ ಅಳು ಬಂದವರೂ, ಒಂದು ವರ್ಷ ಚೆನ್ನಾಗಿದ್ದು ಆಮೇಲೆ ಕುಸಿದವರೂ ತಮ್ಮಲ್ಲೇ ಏನೋ ಐಬಿದೆ ಎಂದುಕೊಳ್ಳಬೇಕಿಲ್ಲ.

ಸಿಡುಕಿಗೆ ಕಾರಣ ದೊಡ್ಡ ವಿಷಯಗಳೇ ಆಗಬೇಕಿಲ್ಲ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಟರ್ಮಿನ್ ಬೇಕು. ಅಪಾಯಿಂಟ್‌ಮೆಂಟಿಗೆ ಆ ಪದ ಅಲ್ಲಿಯ ಕನ್ನಡಿಗರ ಬಾಯಲ್ಲಿ ಎಷ್ಟು ಬೆರೆತಿದೆಯೆಂದರೆ, "ಟರ್ಮಿನ್ ಸಿಕ್ತಾ?" ಎನ್ನುವುದೇ ಕುಶಲ ಪ್ರಶ್ನೆ. ಬಾಡಿಗೆ ಮನೆಯ ಅಂಚೆ ಡಬ್ಬಿಯ ಮೇಲೆ ಸರ್‌ನೇಮ್ ಅಂಟಿಸದಿದ್ದರೆ ಬ್ಯಾಂಕಿನ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಮ್ಮಲ್ಲಿ ಸರ್‌ನೇಮ್ ಎಂಬುದೇ ಇನಿಶಿಯಲ್ ಬಿಡಿಸಿ ಪಾಸ್‌ಪೋರ್ಟಿಗೆ ತುಂಬಿದ ಊರ ಹೆಸರು ಅಥವಾ ಅಪ್ಪನ ಹೆಸರು. ಆಫೀಸಿನಲ್ಲಿ "ಹೆರ್ ಹೊಸಹಳ್ಳಿ" ಎಂದು ಕೂಗಿದಾಗ ಅದು ತನ್ನನ್ನೇ ಎಂದು ತಿಳಿಯಲು ಕೆಲವರಿಗೆ ತಿಂಗಳೇ ಹಿಡಿದೀತು.

ಸ್ಟುಟ್‌ಗಾರ್ಟ್ ಸೀಮೆಗೇ ವಿಶೇಷವಾದ ಇನ್ನೊಂದು ಪದ್ಧತಿ ಕೇರ್‌ವೊಖೆ. ಅಪಾರ್ಟ್‌ಮೆಂಟಿನ ಮೆಟ್ಟಿಲು, ಅಂಗಳ ಗುಡಿಸುವ ಸರದಿ. ಈ ವಾರ ನಿಮ್ಮ ಪಾಳಿ ಎಂದರೆ ಬಾಗಿಲಿಗೆ ಒಂದು ಫಲಕ ಬಂದು ತೂಗುತ್ತದೆ. ಲಕ್ಷಗಟ್ಟಲೆ ಸಂಬಳದವನೂ ಪೊರಕೆ ಹಿಡಿಯಲೇಬೇಕು, ಇಲ್ಲವೇ ದುಡ್ಡು ಕೊಟ್ಟು ಮಾಡಿಸಬೇಕು. ರಾತ್ರಿ ಹತ್ತರ ಮೇಲೆ ಸದ್ದು ಮಾಡುವ ಹಾಗಿಲ್ಲ. ಭಾನುವಾರ ಅಂಗಡಿಗಳಿಗೆ ಬೀಗ. ಆ ಬಿಡುವಿಗೆ ಸಂವಿಧಾನದ್ದೇ ರಕ್ಷಣೆ ಇದೆ. ಒಗ್ಗರಣೆ ಸಿಡಿಸಿದರೆ ಸ್ಮೋಕ್ ಅಲಾರಂ ಕಿರುಚುತ್ತದೆ. ಗೋಡೆಗೆ ಬೂಷ್ಟು ಹಿಡಿಯದಂತೆ ಕೊರೆಯುವ ಚಳಿಯಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆಯಬೇಕೆಂದು ಮನೆ ಮಾಲೀಕರ ತಾಕೀತು. ಒಂದನ್ನು ಮರೆತರೂ ನೆರೆಯವರು ಮುಖಕ್ಕೆ ಹೇಳುತ್ತಾರೆ, ಇಲ್ಲವೇ ಚೀಟಿ ಅಂಟಿಸುತ್ತಾರೆ.

ಮನಸ್ಸು ಕಹಿಯಾಗುವುದು ಇಂಥ ಕಡೆ. "ನಾನು ಕಪ್ಪಗಿದ್ದೀನಿ ಅಂತ ತಾನೆ?" ಎಂಬ ಅನುಮಾನ ಮೊಳೆಯುತ್ತದೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಜನಾಂಗದ್ವೇಷ ಇಲ್ಲವೇ ಇಲ್ಲ ಎನ್ನುವವರು ಮನೆ ಹುಡುಕಿದವರನ್ನು ಕೇಳಲಿ. ಆದರೆ ಕೆಳಮಹಡಿಯ ಅಜ್ಜಿ ಕಸದ ಡಬ್ಬಿಯ ಬಣ್ಣ ತಪ್ಪಿದ್ದಕ್ಕೆ ಗದರಿದರೆ, ಹುಟ್ಟಾ ಜರ್ಮನ್ ಆದ ಎದುರುಮನೆಯವನಿಗೂ ಅದೇ ಬೈಗುಳ ಸಿಕ್ಕಿರುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಗುರುತಿಸಲು ಬಂದ ದಿನದಿಂದ ಅರ್ಧ ಭಾರ ಇಳಿಯುತ್ತದೆ. ಗದರಿಸಿದ ಅಜ್ಜಿಗೆ ಮಾರನೇ ದಿನ ಮೆಟ್ಟಿಲ ಮೇಲೆ ನಮಸ್ಕಾರ ಹೇಳಿ ನೋಡಿ, ಬೈದದ್ದರ ನೆನಪೂ ಅವರಿಗಿರುವುದಿಲ್ಲ.

ಇನ್ನು ಬೆಳಕು. ಚಳಿಗಾಲದ ಮಂಕು ಬರೀ ಊರ ನೆನಪಲ್ಲ, ಶರೀರದ್ದೂ ಹೌದು. ಋತುಮಾನದ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂತಾಲ್ ತಂಡ ವಿವರಿಸಿತು. ಬೆಳಿಗ್ಗೆ ಅರ್ಧ ಗಂಟೆ 10,000 ಲಕ್ಸ್ ದೀಪದ ಮುಂದೆ ಕೂರುವುದು ಅದಕ್ಕೆ ಒಪ್ಪಿತ ಚಿಕಿತ್ಸೆಗಳಲ್ಲೊಂದು. ಆಫೀಸಿನ ಟ್ಯೂಬ್‌ಲೈಟ್ ಸಾಮಾನ್ಯವಾಗಿ 500 ಲಕ್ಸ್ ಆಸುಪಾಸು. ಮೋಡದ ದಿನವೂ ಹೊರಗೆ ಅದಕ್ಕಿಂತ ಎಷ್ಟೋ ಪಟ್ಟು ಬೆಳಕು. ಜರ್ಮನರು ಜಿಟಿಜಿಟಿ ಮಳೆಯಲ್ಲೂ ಮಧ್ಯಾಹ್ನ ಊಟವಾದ ಮೇಲೆ ಒಂದು ಸುತ್ತು ನಡೆದು ಬರುವುದನ್ನು ನೋಡಿ ನಮ್ಮವರು ಮೊದಲು ನಗುತ್ತಾರೆ. ಎರಡನೇ ಚಳಿಗಾಲಕ್ಕೆ ಅವರ ಜೊತೆ ತಾವೂ ಜಾಕೆಟ್ ತೊಟ್ಟು ಹೊರಡುತ್ತಾರೆ.

ಇಷ್ಟೆಲ್ಲ ಹೇಳಿದ್ದು ಕೆಲಸವೋ ಕಾಲೇಜೋ ಇರುವವರ ಕಥೆ. ನಿಜವಾದ ಪರೀಕ್ಷೆ ಅವರ ಜೊತೆಗೆ ಬರುವವರದು. ನುರಿತ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿಯಾದ ಬ್ಲೂ ಕಾರ್ಡ್ ಪಡೆದವರ ಗಂಡ ಅಥವಾ ಹೆಂಡತಿಗೆ ವೀಸಾಕ್ಕೆ ಜರ್ಮನ್ ಪರೀಕ್ಷೆ ಕಡ್ಡಾಯವಿಲ್ಲ; ಬಂದ ಮೇಲೆ ಕೆಲಸ ಮಾಡಲು ನಿರ್ಬಂಧವೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಉದಾರ ವ್ಯವಸ್ಥೆ ಬೇಡ. ಆದರೆ ಮೈಸೂರಿನಲ್ಲಿ ಟೀಚರ್ ಆಗಿದ್ದ, ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕೌಂಟರ್ ನಡೆಸಿದ ಹೆಣ್ಣುಮಗಳು ಭಾಷೆ ಇಲ್ಲದೆ ಯಾವ ಬಾಗಿಲು ತಟ್ಟಬೇಕು? ಗಂಡ ಎಂಟಕ್ಕೆ ಹೊರಟರೆ ಅವಳ ಪಾಲಿಗೆ ಉಳಿಯುವುದು ನಾಲ್ಕು ಗೋಡೆ, ಊರಿನ ಧಾರಾವಾಹಿ, ನಾಲ್ಕೂವರೆಯ ಕತ್ತಲು. ಸ್ವಂತ ಸಂಬಳ ಎಣಿಸಿದ ಕೈ ಈಗ ತರಕಾರಿಗೂ ಕೇಳಬೇಕು. ಕೊತ್ತಂಬರಿ ಕಟ್ಟನ್ನು ಯೂರೋದಿಂದ ರೂಪಾಯಿಗೆ ತಿರುಗಿಸಿ ನೋಡಿ ವಾಪಸ್ ಇಡುವವರೂ ಇವರೇ. ಗಂಡನಿಗೆ ಬಂದ ಬಡ್ತಿಯನ್ನು ಊರೆಲ್ಲ ಕೇಳುತ್ತದೆ, ಇವಳು ಬಿಟ್ಟುಬಂದ ಕೆಲಸವನ್ನು ಯಾರೂ ಕೇಳುವುದಿಲ್ಲ. ಇಂಥವಳಿಗೆ "ಖುಷಿಯಾಗಿರು, ಯೂರೋಪಿನಲ್ಲಿದ್ದೀಯ" ಎನ್ನುವುದು ಕ್ರೌರ್ಯಕ್ಕೆ ಹತ್ತಿರದ ಮಾತು.

ಇವರಲ್ಲಿ ಮೇಲೆದ್ದವರ ದಾರಿ ಬಹುಪಾಲು ಫೋಕ್ಸ್‌ಹೋಖ್‌ಶೂಲೆಯ ಮೆಟ್ಟಿಲಿನಿಂದ ಶುರುವಾಗುತ್ತದೆ. ಸ್ಥಳೀಯ ಆಡಳಿತದ ಬೆಂಬಲದಲ್ಲಿ ಪಟ್ಟಣ ಪಟ್ಟಣದಲ್ಲೂ ನಡೆಯುವ ವಯಸ್ಕರ ಶಾಲೆ ಅದು. ಜರ್ಮನ್ ಭಾಷೆಯಿಂದ ಹೊಲಿಗೆ, ಈಜಿನವರೆಗೆ ಎಲ್ಲ ಕಲಿಸುತ್ತಾರೆ, ಫೀಸು ಕೈಗೆಟುಕುವಷ್ಟು. ತರಗತಿಯಲ್ಲಿ ಉಕ್ರೇನಿನವರು, ಸಿರಿಯಾದವರು, ಬ್ರೆಜಿಲ್‌ನವರು. ಎಲ್ಲರ ವ್ಯಾಕರಣವೂ ಒಂದೇ ರೀತಿ ಮುರಿದದ್ದು. ತಪ್ಪು ಮಾತಾಡಿ ಒಟ್ಟಿಗೆ ನಗಲು ಅಲ್ಲಿ ಜನ ಸಿಗುತ್ತಾರೆ. ಭಾಷೆ ಆಮೇಲೆ ಬರುತ್ತದೆ. ಮಂಗಳವಾರ, ಗುರುವಾರ ಒಂಬತ್ತು ಗಂಟೆಗೆ ತಲೆ ಬಾಚಿ ಹೊರಡಬೇಕಾದ ಜಾಗವೊಂದು ಮೊದಲು ಬರುತ್ತದೆ. ಬ್ಲೂ ಕಾರ್ಡಿನವರಿಗಂತೂ ಭಾಷೆಗೆ ಇನಾಮೂ ಉಂಟು. ಎ1, ಅಂದರೆ ಆರಂಭಿಕ ಮಟ್ಟದ ಜರ್ಮನ್ ಇದ್ದರೆ ಕಾಯಂ ವಾಸಕ್ಕೆ 27 ತಿಂಗಳು, ಮಧ್ಯಮ ಮಟ್ಟದ ಬಿ1 ಇದ್ದರೆ 21.

ಹಿಂದೆ ಅಲ್ಲಿಂದ ಇಲ್ಲಿಗೆ ಬಂದು ನಮ್ಮ ಭಾಷೆ ಕಲಿತವರೂ ಇದ್ದರು. ಸ್ಟುಟ್‌ಗಾರ್ಟ್ ಇರುವ ವ್ಯುರ್ಟೆಂಬರ್ಗ್ ಸೀಮೆಯ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಿಳಿದವರು. ಏಳು ವರ್ಷದಲ್ಲಿ, 1843ರಲ್ಲಿ, 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದರು. ಫರ್ಡಿನೆಂಡ್ ಕಿಟೆಲ್ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಮತಪ್ರಚಾರ ಅವರ ಉದ್ದೇಶವಾಗಿತ್ತು, ಅದನ್ನು ಮರೆಮಾಚಬೇಕಿಲ್ಲ. ಆದರೆ ಊರಿನ ಕಾಗದ ತಿಂಗಳುಗಟ್ಟಲೆ ತಡವಾಗುತ್ತಿದ್ದ ಆ ಕಾಲದಲ್ಲಿ ಅವರನ್ನು ಇಲ್ಲಿನ ಜನರ ಜೊತೆ ಕೂರಿಸಿದ್ದು ಕೈಯಲ್ಲಿದ್ದ ಕೆಲಸ. ಪಂಡಿತರ ಬಳಿ, ಬೀದಿಯವರ ಬಳಿ ದಿನಾ ಕೇಳಿ ಬರೆದುಕೊಳ್ಳುವ ಕೆಲಸ. ಸ್ಟುಟ್‌ಗಾರ್ಟ್‌ಗೆ ಹೊಂದಿದಂತಿರುವ ಎಸ್ಲಿಂಗನ್‌ನಲ್ಲಿ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡರು. ಅಲ್ಲಿಗೆ ಹೋಗುವ ಕನ್ನಡಿಗರು ಕ್ರಿಸ್ಮಸ್ ಸಂತೆ ನೋಡಿಕೊಂಡು ಬರುವುದೇ ಹೆಚ್ಚು.

ಇವತ್ತಿನ ಜರ್ಮನಿಯಲ್ಲಿ ಹಾಗೆ ಜೊತೆ ಕೂರಿಸುವುದು ಫೆರೈನ್, ಅಂದರೆ ಸಂಘ. ನೋಂದಾಯಿತ ಸಂಘಗಳೇ ಆರು ಲಕ್ಷಕ್ಕೂ ಹೆಚ್ಚು. ಏಳು ಜನ ಸೇರಿದರೆ ಒಂದನ್ನು ನೋಂದಾಯಿಸಬಹುದು. ಸಹೋದ್ಯೋಗಿ ಐದು ವರ್ಷವಾದರೂ ಮನೆಗೆ ಕರೆಯಲಿಕ್ಕಿಲ್ಲ. ಅದೇ ಮನುಷ್ಯ ಬ್ಯಾಡ್ಮಿಂಟನ್ ಕ್ಲಬ್ಬಿನಲ್ಲಿ ಮೂರನೇ ತಿಂಗಳಿಗೆ ಹೆಗಲ ಮೇಲೆ ಕೈ ಹಾಕುತ್ತಾನೆ. ನಮ್ಮ ಕನ್ನಡ ಸಂಘಗಳೂ ಇವೆ: ಯುಗಾದಿ, ರಾಜ್ಯೋತ್ಸವ, ಮಕ್ಕಳಿಗೆ ಕನ್ನಡ ಕಲಿಕೆ. ಅವು ಬೇಕೇ ಬೇಕು. ಆದರೆ ವಾರಾಂತ್ಯವೆಲ್ಲ ಅಲ್ಲೇ ಕಳೆದರೆ "ಅವರು ಮನೆ ತಗೊಂಡರಂತೆ, ಇವರಿಗೆ ಪೌರತ್ವ ಬಂತಂತೆ" ಎಂಬ ತುಲನೆಯೂ ಚಿತ್ರಾನ್ನದ ಜೊತೆ ಬಡಿಸಲ್ಪಡುತ್ತದೆ. ಒಂದು ಕಾಲು ಅಲ್ಲಿರಲಿ, ಇನ್ನೊಂದು ಹೊರಗಿರಲಿ.

ದಿನಕ್ರಮದ ಹತೋಟಿಗೆ ಸಿಗದ ಘಟ್ಟವೂ ಒಂದಿದೆ. ನಿದ್ದೆ ಬಿಟ್ಟುಹೋಗಿ, ಊಟ ಸೇರದೆ, ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದು ಕಾಯಿಲೆ. ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆ ಮನೋಚಿಕಿತ್ಸೆಯ ವೆಚ್ಚ ಭರಿಸುತ್ತದೆ. 116117ಕ್ಕೆ ಕರೆ ಮಾಡಿದರೆ ಮೊದಲ ಭೇಟಿಯ ಟರ್ಮಿನ್ ಹುಡುಕಿಕೊಡುತ್ತಾರೆ. ಚಿಕಿತ್ಸೆ ಶುರುವಾಗಲು ತಿಂಗಳುಗಳೇ ಕಾಯಬೇಕಾಗಬಹುದು, ಆದ್ದರಿಂದ ತಡಮಾಡಬಾರದು. ವಿಶ್ವವಿದ್ಯಾಲಯದವರಾದರೆ ವಿದ್ಯಾರ್ಥಿ ಸೇವಾ ಕೇಂದ್ರದಲ್ಲೇ ಆಪ್ತ ಸಮಾಲೋಚಕರು ಸಿಗುತ್ತಾರೆ. ನಡುರಾತ್ರಿ ಒಬ್ಬರ ದನಿ ಬೇಕೆನಿಸಿದರೆ 0800 111 0 111. ಕರೆ ಉಚಿತ, ಹೆಸರು ಕೇಳುವುದಿಲ್ಲ. ಮಾತು ಮುಖ್ಯವಾಗಿ ಜರ್ಮನ್, ಹಾಗಾಗಿ ಭಾಷೆ ಬಾರದವರು ಆಫೀಸಿನ ಆಪ್ತರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿಸಬಹುದು.

ರಜೆಗೆ ಊರಿಗೆ ಬಂದಾಗ ಕಲ್ಚರ್ ಶಾಕಿನ ಎರಡನೇ ಸುತ್ತು. ಹೋದ ದೇಶದಂತೆ ಮರಳಿದ ದೇಶಕ್ಕೂ ಮತ್ತೆ ಒಗ್ಗಿಕೊಳ್ಳಬೇಕಾಗುತ್ತದೆಂದು ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರ್ನಿಗೆ ಬೆಚ್ಚಿಬೀಳುವ, ಹೇಳದೆ ಕೇಳದೆ ಬಂದ ನೆಂಟರಿಗೆ ಒಳಗೊಳಗೇ ಸಿಡುಕುವ ಮಗನನ್ನು ನೋಡಿ ಮನೆಯವರು "ಫಾರಿನ್ ಆಗಿಬಿಟ್ಟ" ಎನ್ನುತ್ತಾರೆ. ಹೊರಡುವ ಹಿಂದಿನ ರಾತ್ರಿ 23 ಕಿಲೋ ಸೂಟ್‌ಕೇಸಿನ ಸುತ್ತ ಮನೆಯೆಲ್ಲ ಕೂತಿರುತ್ತದೆ. ಯೂರೋಪಿನ ಕಸ್ಟಮ್ಸ್ ಹಾಲಿನ ಪದಾರ್ಥ ಬಿಡುವುದಿಲ್ಲ, ಧಾರವಾಡ ಪೇಡ ತೆಗೆಯಮ್ಮ ಎಂದು ಮಗ, ಯಾರು ನೋಡ್ತಾರೆ ಇಡೋ ಎಂದು ಅಮ್ಮ. ಮೊದಲ ವರ್ಷ ಕುಕ್ಕರು, ಬೇಳೆ, ಸಾರಿನ ಪುಡಿ ಅಂತ ತೂಕ ಮೀರಿತ್ತು. ಈಗ ಬೇಳೆ ಅಲ್ಲಿನ ತಮಿಳರ ಅಂಗಡಿಯಲ್ಲಿ, ಬೆಂಡೆಕಾಯಿ ಟರ್ಕಿಯವರ ಅಂಗಡಿಯಲ್ಲಿ ಸಿಗುತ್ತದೆಂದು ಗೊತ್ತು. ಉಳಿದ ಜಾಗಕ್ಕೆ ಕ್ಲಬ್ಬಿನ ಗೆಳೆಯ ಕೇಳಿದ ಶಟಲ್‌ಕಾಕ್ ಡಬ್ಬಿಗಳು ಹೋಗುತ್ತವೆ.